ಹೊರಡುವ ಮುನ್ನ ಆಡಬೇಕಾದ ಮಾತು

(ಎಂಟರಿಂದ ಹತ್ತನೆಯ ತರಗತಿಯವರೆಗಿನ ಕನ್ನಡ ಶಿಕ್ಷಕರಿಗೆ; ವರದಿ ಮತ್ತು ವಿಜ್ಞಾಪನೆಯ ಪಾಠಗಳಿಗೆ ಪೂರಕ ಲೇಖನ)

ಪತ್ರಲೇಖನ, ವರದಿ, ವಿಜ್ಞಾಪನೆ ಇವು ಪ್ರೌಢ ತರಗತಿಗಳ ಭಾಷಾಪಾಠದಲ್ಲಿ ಬಹುಕಾಲದಿಂದ ಸ್ಥಾನ ಪಡೆದಿರುವ ಪ್ರಕಾರಗಳು. ಆದರೆ ನಾವು ಹೆಚ್ಚಾಗಿ ಕಲಿಸುವುದು ಅವುಗಳ ಹೊರಮೈಯನ್ನು. ದಿನಾಂಕ ಎಲ್ಲಿ ಬರಬೇಕು, 'ಮಾನ್ಯರೆ' ಎಂಬುದರ ಮುಂದೆ ಯಾವ ಚಿಹ್ನೆ ಇರಬೇಕು, 'ತಮ್ಮ ವಿಧೇಯ' ಎಂದು ಮುಗಿಸಬೇಕೋ 'ಇಂತಿ ನಮಸ್ಕಾರಗಳು' ಎಂದು ಮುಗಿಸಬೇಕೋ ಎಂಬುದಕ್ಕೆ ಅಂಕಗಳಿವೆ. ತನಗಿಂತ ಹಿರಿಯರಾದ, ಅಧಿಕಾರದಲ್ಲಿರುವ ಒಬ್ಬರಿಗೆ ಅವರು ಕೇಳಲು ಇಚ್ಛಿಸದ ಸಂಗತಿಯೊಂದನ್ನು ತಿಳಿಸಬೇಕಾದಾಗ ವಾಕ್ಯವನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ನಮ್ಮ ಪಾಠಗಳಲ್ಲಿ ಎಡೆಯಿಲ್ಲ. ಈ ಲೇಖನವು ಅಂಥ ಮಾತೇ ನಿತ್ಯದ ಕರ್ತವ್ಯವಾಗಿರುವ ಒಂದು ವೃತ್ತಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದೆ. ಅದು ವಿಮಾನದ ಪರಿಚಾರಕ ಸಿಬ್ಬಂದಿಯ ವೃತ್ತಿ.

ಕನ್ನಡ ಪತ್ರಿಕೆಗಳು ಈ ವೃತ್ತಿಗೆ 'ಗಗನಸಖಿ' ಎಂಬ ಹೆಸರು ಕೊಟ್ಟಿವೆ. ಶಬ್ದ ಇಂಪಾಗಿದೆ, ಆದರೆ ಅದು ಕೆಲಸದ ಮುಖ್ಯ ಭಾಗವನ್ನು ಮರೆಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಈಗ ಪುರುಷರೂ ಈ ಕೆಲಸದಲ್ಲಿದ್ದಾರೆ ಎಂಬ ಮಾತು ಹಾಗಿರಲಿ. ನೀರು, ಊಟ, ನಗುಮುಖ ಇವಿಷ್ಟೇ ಆಗಿದ್ದರೆ 50 ಆಸನಗಳಿಗೆ ಒಬ್ಬರಾದರೂ ತರಬೇತಾದ ಪರಿಚಾರಕರು ಇರಲೇಬೇಕೆಂದು ಹಲವು ದೇಶಗಳ ಕಾನೂನು ಒತ್ತಾಯಿಸುತ್ತಿರಲಿಲ್ಲ. ಆ ಸಂಖ್ಯೆ ನಿಗದಿಯಾಗಿರುವುದು ಊಟ ಬಡಿಸುವುದಕ್ಕಲ್ಲ, ಅವಘಡದ ವೇಳೆ ವಿಮಾನವನ್ನು ತೆರವುಗೊಳಿಸುವುದಕ್ಕೆ. ದೊಡ್ಡ ಪ್ರಯಾಣಿಕ ವಿಮಾನವೊಂದು ಸೇವೆಗೆ ಬರುವ ಮುನ್ನ, ತುಂಬಿದ ವಿಮಾನವನ್ನು ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡುಗಳೊಳಗೆ ಬರಿದು ಮಾಡಬಹುದೆಂದು ತಯಾರಕರು ಸಾಧಿಸಿ ತೋರಿಸಬೇಕು. ಆ ಬಾಗಿಲುಗಳ ಪಕ್ಕದಲ್ಲಿ ಕುಳಿತಿರುವವರು ಇವರೇ.

ನೀರಜಾ ಭಾನೋಟ್ ಅವರ ಹೆಸರನ್ನು ನಮ್ಮ ಅನೇಕ ವಿದ್ಯಾರ್ಥಿಗಳು ಬಲ್ಲರು. 1986ರಲ್ಲಿ ಕರಾಚಿಯಲ್ಲಿ ಅಪಹರಣಕ್ಕೊಳಗಾದ ವಿಮಾನದಲ್ಲಿ ಪ್ರಯಾಣಿಕರನ್ನು ಉಳಿಸಲು ಪ್ರಾಣ ತೆತ್ತು, ಮರಣಾನಂತರ ಅಶೋಕ ಚಕ್ರ ಪಡೆದವರು ಅವರು. ಅಂಥ ಶೌರ್ಯ ಪಾಠಪುಸ್ತಕಕ್ಕೆ ಒದಗುವ ವಸ್ತು. ನಮ್ಮ ಪಾಠದ ವಸ್ತು ಅಷ್ಟು ಪ್ರಕಾಶಮಾನವಾದುದಲ್ಲ. ಪ್ರಯಾಣಿಕರು ಹತ್ತುವುದಕ್ಕೆ ಮೊದಲಿನ, ಯಾರೂ ನೋಡದ ಕೆಲವು ನಿಮಿಷಗಳಲ್ಲಿ ನಡೆಯುವ ಕೆಲಸ ಅದು.

ವಿಮಾನ ಖಾಲಿ ಇರುವಾಗಲೇ ಸಿಬ್ಬಂದಿ ಒಳಗೆ ಬರುತ್ತಾರೆ. ಪ್ರತಿಯೊಬ್ಬರಿಗೂ ಒಂದು ಬಾಗಿಲು, ಒಂದು ಆಸನ, ಅದರ ಸುತ್ತಲಿನ ಸಲಕರಣೆಗಳು ಗೊತ್ತಾಗಿರುತ್ತವೆ. ಅಗ್ನಿಶಾಮಕದ ಒತ್ತಡ ಮಾಪಕದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಪಿನ್ನು ಮತ್ತು ಮೊಹರು ಹಾಗೆಯೇ ಇವೆಯೇ; ಹೊಗೆಯ ನಡುವೆ ಉಸಿರಾಡಲು ತಲೆಗೆ ತೊಡುವ ಮುಸುಕಿನ ಚೀಲ ಒಡೆದಿಲ್ಲವಷ್ಟೆ; ಆಮ್ಲಜನಕದ ಸಿಲಿಂಡರು ತುಂಬಿದೆಯೇ, ಅದರೊಡನೆ ಮುಖವಾಡ ಇದೆಯೇ; ಟಾರ್ಚು, ಧ್ವನಿವರ್ಧಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತಮ್ಮ ತಮ್ಮ ಜಾಗದಲ್ಲಿವೆಯೇ; ತಾನು ಕುಳಿತುಕೊಳ್ಳುವ ಮಡಚು ಆಸನದ ಪಟ್ಟಿ ಬಿಗಿಯುತ್ತದೆಯೇ; ಬಾಗಿಲಿನಲ್ಲಿ ಮಡಚಿಟ್ಟಿರುವ ತುರ್ತು ಜಾರುಬಂಡೆಯನ್ನು ಉಬ್ಬಿಸುವ ಅನಿಲದ ಒತ್ತಡ ಸರಿಯಿದೆಯೇ. ಇವನ್ನೆಲ್ಲ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ನಿನ್ನೆ ಸರಿಯಿತ್ತು ಎಂಬುದು ಇಂದಿನ ಉತ್ತರವಲ್ಲ.

ದೋಷ ಕಂಡರೆ ಅದನ್ನು ಹಿರಿಯ ಪರಿಚಾರಕರಿಗೆ, ಅವರ ಮೂಲಕ ಕ್ಯಾಪ್ಟನ್ನರಿಗೆ ತಿಳಿಸಬೇಕು. ದೋಷಗಳ ದಾಖಲೆ ಪುಸ್ತಕದಲ್ಲಿ ಅದು ಬರಹವಾಗಿ ಸೇರುತ್ತದೆ. ಎಂಜಿನಿಯರರು ಬಂದು ಸರಿಪಡಿಸುತ್ತಾರೆ. ಇಲ್ಲವೇ 'ಕನಿಷ್ಠ ಸಲಕರಣೆ ಪಟ್ಟಿ' ಎಂಬ ಅನುಮೋದಿತ ಪುಸ್ತಕವನ್ನು ತೆರೆದು, ಆ ದೋಷವಿದ್ದೂ ಹಾರಬಹುದೇ, ಹಾರಬಹುದಾದರೆ ಎಷ್ಟು ದಿನ, ಯಾವ ಷರತ್ತಿನ ಮೇಲೆ ಎಂದು ನೋಡುತ್ತಾರೆ. ಒಂದು ಬಾಗಿಲಿನ ಜಾರುಬಂಡೆ ಕೆಲಸ ಮಾಡದಿದ್ದರೆ ಆ ಬಾಗಿಲನ್ನು ಇಲ್ಲವೆಂದೇ ಎಣಿಸಿ ಪ್ರಯಾಣಿಕರ ಸಂಖ್ಯೆಯನ್ನು ಇಳಿಸಬೇಕಾಗಿ ಬರಬಹುದು. ಅಂದರೆ ಕೆಲವರು ಕೆಳಗಿಳಿಯಬೇಕು, ವಿಮಾನ ತಡವಾಗಬೇಕು, ನಷ್ಟವಾಗಬೇಕು. ಒಂದು ಮುಳ್ಳು ಹಸಿರಿನಿಂದ ತುಸು ಕೆಳಗಿದೆ ಎಂದು ಹೇಳುವವರು ಇಷ್ಟೆಲ್ಲವನ್ನೂ ತಿಳಿದೇ ಹೇಳಬೇಕಾಗುತ್ತದೆ. ಆ ಮಾತು ಗಂಟಲಿನಲ್ಲಿ ಸಿಕ್ಕಿಕೊಳ್ಳುವುದು ಇಲ್ಲಿಯೇ.

ಹಾಗೆ ಸಿಕ್ಕಿಕೊಂಡ ಮಾತಿನ ಒಂದು ಪ್ರಸಂಗ ವಿಮಾನಯಾನದ ಇತಿಹಾಸದಲ್ಲಿ ವಿವರವಾಗಿ ದಾಖಲಾಗಿದೆ. ಡ್ರೈಡನ್ ಎಂಬುದು ಕೆನಡಾ ದೇಶದ ಒಂಟಾರಿಯೊ ಪ್ರಾಂತದ ಒಂದು ಪುಟ್ಟ ಊರು. 1989ರ ಮಾರ್ಚ್ 10ರಂದು ಏರ್ ಒಂಟಾರಿಯೊ ಸಂಸ್ಥೆಯ ಫಾಕರ್ ಎಫ್-28 ವಿಮಾನವು ಥಂಡರ್ ಬೇ ಎಂಬಲ್ಲಿಂದ ಹೊರಟು ಡ್ರೈಡನ್ನಿನಲ್ಲಿ ಇಳಿದು ವಿನಿಪೆಗ್ ನಗರಕ್ಕೆ ಹೋಗಬೇಕಿತ್ತು. ನೆಲದ ಮೇಲೆ ನಿಂತಾಗ ಮುಖ್ಯ ಎಂಜಿನ್‌ಗಳನ್ನು ಚಾಲನೆಗೊಳಿಸಲು ನೆರವಾಗುವ ಸಹಾಯಕ ಘಟಕವು ಆ ವಿಮಾನದಲ್ಲಿ ಕೆಟ್ಟಿತ್ತು; ದುರಸ್ತಿಯನ್ನು ಮುಂದೂಡಲಾಗಿತ್ತು. ಡ್ರೈಡನ್ನಿನಲ್ಲಿ ಆ ಕೆಲಸ ಮಾಡುವ ಬೇರೆ ಯಂತ್ರವೂ ಇರಲಿಲ್ಲ. ಎಂಜಿನ್‌ಗಳೆರಡನ್ನೂ ನಿಲ್ಲಿಸಿದರೆ ಮತ್ತೆ ಹೊರಡುವಂತಿಲ್ಲ. ಆದ್ದರಿಂದ ಒಂದು ಎಂಜಿನ್ ತಿರುಗುತ್ತಲೇ ಇತ್ತು. ಹಿಮ ಬೀಳತೊಡಗಿತು. ರೆಕ್ಕೆಗಳ ಮೇಲಿನ ಹಿಮ ಕರಗಿಸುವ ದ್ರವವನ್ನು ಎಂಜಿನ್ ನಡೆಯುತ್ತಿರುವಾಗ ಸಿಂಪಡಿಸಬಾರದೆಂದು ಸಂಸ್ಥೆಯ ಸೂಚನೆ ಇತ್ತು. ಕೆಟ್ಟ ಒಂದು ಸಲಕರಣೆ ಹೀಗೆ ಒಂದರ ಹಿಂದೊಂದು ದಾರಿಯನ್ನು ಮುಚ್ಚಿತು.

ರೆಕ್ಕೆಯ ಮೇಲೆ ಹಿಮ ಕುಳಿತಿದ್ದುದನ್ನು ಪ್ರಯಾಣಿಕರು ಕಂಡರು. ಒಬ್ಬರು ಪರಿಚಾರಕಿಯನ್ನು ಕೇಳಿಯೂ ಕೇಳಿದರು. ಪರಿಚಾರಕಿಗೂ ಅದು ಕಂಡಿತ್ತು. ಬೇರೆ ಇಬ್ಬರು ವೃತ್ತಿನಿರತ ಪೈಲಟರು ಆ ದಿನ ಪ್ರಯಾಣಿಕರಾಗಿ ಕುಳಿತಿದ್ದರು; ಅವರಿಗೂ ಕಂಡಿತ್ತು. ಚಾಲಕರ ಕೋಣೆಗೆ ಆ ಸುದ್ದಿಯನ್ನು ಯಾರೂ ಒಯ್ಯಲಿಲ್ಲ. ಮಧ್ಯಾಹ್ನ 12 ಗಂಟೆ 9 ನಿಮಿಷಕ್ಕೆ ಓಟ ಆರಂಭಿಸಿದ ವಿಮಾನ ಎತ್ತರಕ್ಕೇರಲಾರದೆ ರನ್‌ವೇಯ ಆಚೆಗಿನ ಮರಗಳ ಮೇಲೆ ಬಿತ್ತು. ಒಳಗಿದ್ದ 69 ಮಂದಿಯಲ್ಲಿ 24 ಮಂದಿ ತೀರಿಕೊಂಡರು. ಪೈಲಟರಿಬ್ಬರೂ ಉಳಿಯಲಿಲ್ಲ.

ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿ ಅವರ ವಿಚಾರಣಾ ಆಯೋಗವು 1992ರಲ್ಲಿ ಅಂತಿಮ ವರದಿ ಕೊಟ್ಟಿತು. ಅದರಲ್ಲಿ 191 ಶಿಫಾರಸುಗಳಿವೆ. ಬದುಕುಳಿದ ಪರಿಚಾರಕಿಯನ್ನು ಆಯೋಗ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಲಿಲ್ಲ. ಆಕೆ ಯಾಕೆ ಮಾತಾಡಲಿಲ್ಲ ಎಂಬುದಕ್ಕೆ ಕಾರಣಗಳನ್ನು ವ್ಯವಸ್ಥೆಯಲ್ಲಿ ಹುಡುಕಿತು. ಇಂಥದನ್ನು ಹೇಳಬೇಕೆಂದು ಯಾರೂ ಆಕೆಗೆ ತರಬೇತಿಯಲ್ಲಿ ಕಲಿಸಿರಲಿಲ್ಲ. ವಿಮಾನದ ಹಾರಾಟ ಪೈಲಟರ ವಿಷಯ, ಅದರಲ್ಲಿ ಪರಿಚಾರಕರ ಮಾತು ಅವರಿಗೆ ಬೇಕಾಗಿಲ್ಲ ಎಂಬ ಭಾವನೆ ಆ ವೃತ್ತಿಯಲ್ಲಿ ಬೇರೂರಿತ್ತು. ಪೈಲಟರಿಗೆ ಗೊತ್ತಿರದೇ ಇರುತ್ತದೆಯೇ ಎಂದು ಬಲ್ಲವರೂ ಅಂದುಕೊಂಡರು. ಶಿಕ್ಷಕರು ಈ ಭಾಗವನ್ನು ತರಗತಿಯಲ್ಲಿ ಹೇಳುವಾಗ 'ಅವಳು ಹೇಳಬೇಕಿತ್ತು' ಎಂಬ ಒಂದೇ ತೀರ್ಪಿನಲ್ಲಿ ಮುಗಿಸಬಾರದೆಂದು ವಿನಂತಿ.

ಅದೇ ವರ್ಷದ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ ವಿಮಾನದ ಕಥೆ ಇದಕ್ಕೆ ಹತ್ತಿರದ್ದು. ಎಡ ಎಂಜಿನ್ ಕೆಟ್ಟಿತ್ತು. ಪೈಲಟರು ಬಲ ಎಂಜಿನ್ನನ್ನು ನಿಲ್ಲಿಸಿದರು, ಬಲಗಡೆ ತೊಂದರೆಯಾಗಿದೆ ಎಂದು ಪ್ರಕಟಿಸಿದರು. ಎಡಗಡೆಯ ಬೆಂಕಿಯನ್ನು ಹಿಂಬದಿಯ ಪ್ರಯಾಣಿಕರೂ ಸಿಬ್ಬಂದಿಯಲ್ಲಿ ಕೆಲವರೂ ಕಂಡಿದ್ದರು. 126 ಮಂದಿಯಲ್ಲಿ 47 ಮಂದಿ ಅಸುನೀಗಿದರು. ಈ ಎರಡು ಅವಘಡಗಳ ಬಳಿಕ ಪೈಲಟರಿಗೂ ಪರಿಚಾರಕರಿಗೂ ಒಟ್ಟಾಗಿ ತರಬೇತಿ ಕೊಡಬೇಕೆಂಬ ವಿಚಾರ ಬಲಗೊಂಡಿತು. ಏರುವ ಮತ್ತು ಇಳಿಯುವ ವೇಳೆಯಲ್ಲಿ ಪೈಲಟರೊಡನೆ ಅನಗತ್ಯ ಮಾತು ಕೂಡದೆಂಬ ನಿಯಮ ವಿಮಾನಯಾನದಲ್ಲಿದೆ. ಸುರಕ್ಷತೆಯ ಮಾತು ಅನಗತ್ಯ ಮಾತಲ್ಲ ಎಂಬುದನ್ನು ಇಂದಿನ ತರಬೇತಿಯಲ್ಲಿ ಬಿಡಿಸಿ ಹೇಳಿಕೊಡುತ್ತಾರೆ.

ಇನ್ನು ಭಾಷೆಯ ವಿಚಾರ. ಡ್ರೈಡನ್ನಿನಲ್ಲಿ ಆಡದೆ ಉಳಿದ ಮಾತನ್ನು ನಮ್ಮ ಭಾಷೆಯಲ್ಲಿ ಕಟ್ಟಿ ನೋಡೋಣ. ಕೆಳಗಿನ ವಾಕ್ಯಗಳು ಅಭ್ಯಾಸಕ್ಕಾಗಿ ರಚಿಸಿದವು, ಯಾರೂ ಆಡಿದವಲ್ಲ.

'ಹೊರಗೆ ಹಿಮ ಜೋರಾಗಿ ಬೀಳುತ್ತಿದೆ ಅಲ್ಲವೇ ಸರ್?'
'ರೆಕ್ಕೆಯ ಮೇಲೆ ಸ್ವಲ್ಪ ಹಿಮ ಇರಬಹುದೇನೋ ಅನ್ನಿಸಿತು.'
'ಹಿಮ ಇದೆಯಂತೆ, ಪ್ರಯಾಣಿಕರು ಕೇಳುತ್ತಿದ್ದಾರೆ.'
'ಕ್ಯಾಪ್ಟನ್, ಎಡರೆಕ್ಕೆಯ ಮೇಲೆ ಹಿಮ ಕುಳಿತಿದೆ. ನಾನೇ ಕಿಟಕಿಯಿಂದ ನೋಡಿದ್ದೇನೆ. ಹೊರಡುವ ಮುನ್ನ ತಾವು ಒಮ್ಮೆ ನೋಡಬೇಕು.'

ಮೊದಲನೆಯದು ಹವಾಮಾನದ ಮಾತಾಗಿ ತೇಲಿಹೋಗುತ್ತದೆ. ಕೇಳಿದವರು 'ಹೌದು' ಎಂದು ತಮ್ಮ ಕೆಲಸಕ್ಕೆ ಮರಳುತ್ತಾರೆ. ಎರಡನೆಯದನ್ನು ಕರಿಹಲಗೆಯ ಮೇಲೆ ಬರೆದು ಬಿಡಿಸಿ ತೋರಿಸಿ. 'ಸ್ವಲ್ಪ' ಎಂಬುದು ಒಂದು ನೀರು, 'ಬಹುದು' ಎಂಬುದು ಇನ್ನೊಂದು, 'ಏನೋ' ಮೂರನೆಯದು, 'ಅನ್ನಿಸಿತು' ನಾಲ್ಕನೆಯದು. ಒಂದು ಲೋಟ ಹಾಲಿಗೆ ನಾಲ್ಕು ಲೋಟ ನೀರು. ಮೂರನೆಯ ವಾಕ್ಯವು ತಾನೇ ಕಂಡದ್ದನ್ನು ಬೇರೆಯವರ ಬಾಯಿಗೆ ದಾಟಿಸುತ್ತದೆ. ನಾಲ್ಕನೆಯದರಲ್ಲಿ ಏನು, ಎಲ್ಲಿ, ಹೇಗೆ ತಿಳಿಯಿತು, ಏನಾಗಬೇಕು ಎಂಬ ನಾಲ್ಕೂ ಇವೆ.

ಗಮನಿಸಬೇಕಾದ ಸಂಗತಿ ಎಂದರೆ, ನಾಲ್ಕನೆಯ ವಾಕ್ಯದಲ್ಲಿ ಗೌರವಕ್ಕೆ ಕೊರತೆಯೇನೂ ಇಲ್ಲ. 'ತಾವು' ಎಂಬ ಸರ್ವನಾಮ ಅದನ್ನು ಪೂರ್ಣವಾಗಿ ಹೊತ್ತಿದೆ. ಕನ್ನಡದಲ್ಲಿ ಗೌರವಕ್ಕೆ ತನ್ನದೇ ಆದ ರೂಪಗಳಿವೆ: ನೀವು, ತಾವು, 'ಅವರು' ಸೇರಿದ ಹೆಸರು, ಕ್ರಿಯಾಪದದ ಬಹುವಚನ. ಅನಿಶ್ಚಯಕ್ಕೆ ಬೇರೆಯೇ ರೂಪಗಳಿವೆ: ಬಹುದು, ಏನೋ, ಬಹುಶಃ, ಎನಿಸುತ್ತದೆ. ನಮ್ಮ ವಿದ್ಯಾರ್ಥಿಗಳು, ನಿಜ ಹೇಳಬೇಕೆಂದರೆ ನಮ್ಮಲ್ಲಿ ಹಲವರು ಶಿಕ್ಷಕರೂ, ಹಿರಿಯರ ಮುಂದೆ ಎರಡನೆಯ ಗುಂಪನ್ನು ಮೊದಲನೆಯ ಗುಂಪಿನ ಕೆಲಸಕ್ಕೆ ಹಚ್ಚುತ್ತೇವೆ. ವಿನಯ ತೋರಲು ಸಂಶಯ ನಟಿಸುತ್ತೇವೆ. 'ತಾವು ನೋಡಬೇಕು' ಎಂಬುದರಲ್ಲಿ 'ತಾವು' ತಲೆಬಾಗುತ್ತದೆ, 'ಬೇಕು' ನೆಟ್ಟಗೆ ನಿಲ್ಲುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಇರಿಸಲು ನಮ್ಮ ವ್ಯಾಕರಣ ಅಡ್ಡಿ ಮಾಡುವುದಿಲ್ಲ.

ಹಾಗೆಂದು 'ಅಂತೆ', 'ಬಹುದು' ಎಂಬವನ್ನು ತಪ್ಪೆಂದು ಹೊಡೆದುಹಾಕಬಾರದು. ಸಂಶಯ ನಿಜವಾಗಿದ್ದರೆ ಅದನ್ನು ಹೇಳುವುದೇ ಪ್ರಾಮಾಣಿಕತೆ. 'ಹದಿನೈದನೆಯ ಸಾಲಿನ ಪ್ರಯಾಣಿಕರು ಹೇಳಿದರು, ನಾನಿನ್ನೂ ನೋಡಿಲ್ಲ' ಎಂಬುದು ಒಳ್ಳೆಯ ವರದಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಕಂಡದ್ದನ್ನು ಕಂಡೆನೆಂದೂ ಹೇಳುವ ವ್ಯತ್ಯಾಸವನ್ನು ವಿದ್ಯಾರ್ಥಿ ಕಲಿಯಬೇಕು. ಬರಹದಲ್ಲಿಯೂ ಇದೇ ಅಳತೆ. ದೋಷ ಪುಸ್ತಕದಲ್ಲಿ 'ಬಾಗಿಲು ಸರಿಯಿಲ್ಲ' ಎಂದು ಬರೆದರೆ ಎಂಜಿನಿಯರರಿಗೆ ಏನೂ ತಿಳಿಯದು. 'ಮುಂದಿನ ಎಡಬಾಗಿಲು: ಜಾರುಬಂಡೆಯ ಮಾಪಕದ ಮುಳ್ಳು ಹಸಿರು ಪಟ್ಟಿಗಿಂತ ಕೆಳಗಿದೆ' ಎಂದರೆ ಅವರು ಬೇಕಾದ ಉಪಕರಣ ಹಿಡಿದೇ ಬರುತ್ತಾರೆ.

ನಮ್ಮ ಗಡಿಯಾಚೆಯ ತರಗತಿಗಳಲ್ಲಿ ಈ ಪಾಠಕ್ಕೆ ಇನ್ನೆರಡು ಮುಖಗಳಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮಗು 'ಬಾಗಲಾ ಮುಚ್ಚಂಗಿಲ್ರಿ ಸರ್' ಎಂದರೆ ಶಿಕ್ಷಕರು ಅದನ್ನು 'ಮುಚ್ಚುವುದಿಲ್ಲ' ಎಂದು ತಿದ್ದಲು ಮುಂದಾಗಬಾರದು. ಕೊನೆಯ 'ರಿ' ಗೌರವವನ್ನು ಒಪ್ಪಿಸಿಯಾಗಿದೆ, ಉಳಿದ ಭಾಗ ಸಂಗತಿಯನ್ನು ಸಂದೇಹವಿಲ್ಲದೆ ಹೇಳಿಯಾಗಿದೆ. ನಮ್ಮ ನಾಲ್ಕನೆಯ ವಾಕ್ಯದ ಗುಣ ಅದರಲ್ಲಿ ಸಹಜವಾಗಿಯೇ ಇದೆ. ಎಚ್ಚರಿಕೆ ಹೇಳಲು ಬಂದ ಮಗುವಿನ ಉಚ್ಚಾರವನ್ನು ತಿದ್ದಿದರೆ ಮುಂದಿನ ಸಲ ಅದು ಎಚ್ಚರಿಕೆಯನ್ನೇ ಹೇಳದೆ ಹೋಗಬಹುದು. ಬರಹದ ಭಾಷೆಯನ್ನು ತಿದ್ದಲು ಬೇರೆ ಸಮಯವಿದೆ.

ಎರಡನೆಯದು ಇನ್ನೂ ತೊಡಕಿನದು. ನಮ್ಮ ವಿದ್ಯಾರ್ಥಿ ಶಾಲೆಯಲ್ಲಿ ಕನ್ನಡ ಓದಿದರೂ ವಿದ್ಯುತ್ ಕಚೇರಿ, ಪಂಚಾಯಿತಿ, ಬಸ್ಸಿನ ನಿರ್ವಾಹಕರೊಡನೆ ಮಲಯಾಳ, ತಮಿಳು, ಮರಾಠಿ, ತೆಲುಗು ಭಾಷೆಗಳಲ್ಲಿ ವ್ಯವಹರಿಸಬೇಕು. ತಂತಿ ಜೋತುಬಿದ್ದುದನ್ನು ಮೊದಲು ಕಂಡ ಹುಡುಗಿಗೆ ಹೇಳುವ ಧೈರ್ಯವಿದ್ದೂ ಆ ಭಾಷೆಯ ಪದ ಬಾಯಿಗೆ ಬಾರದೆ ಸುಮ್ಮನಾಗುವ ಸಂದರ್ಭ ಕಲ್ಪನೆಯದಲ್ಲ. ವಿಮಾನದ ಸಿಬ್ಬಂದಿಯಲ್ಲಿಯೂ ಒಬ್ಬೊಬ್ಬರ ಮನೆಮಾತು ಒಂದೊಂದಾಗಿರುತ್ತದೆ. ಆದ್ದರಿಂದಲೇ ಅವರ ವರದಿಗೆ ಅಲಂಕಾರವಿಲ್ಲದ, ಗೊತ್ತಾದ ಚಿಕ್ಕ ರೂಪವಿದೆ. ಬಾಗಿಲುಗಳಿಗೂ ಹೆಸರಿನ ಬದಲು 'ಎಲ್1', 'ಆರ್1' ಎಂಬ ಗುರುತುಗಳಿವೆ, ಎಡಗಡೆಯ ಮೊದಲನೆಯದು, ಬಲಗಡೆಯ ಮೊದಲನೆಯದು ಎಂದು. ನಮ್ಮಲ್ಲಿಯೂ ವಿದ್ಯಾರ್ಥಿ ಮೊದಲು ಕನ್ನಡದಲ್ಲಿ ನಾಲ್ಕು ಅಂಶಗಳನ್ನು ಸ್ಪಷ್ಟಪಡಿಸಿಕೊಂಡು, ಅನಂತರ ರಾಜ್ಯಭಾಷೆಯಲ್ಲಿ ಅವನ್ನೇ ಬರೆಯಲಿ. ವಾಕ್ಯಕ್ಕೆ ವಾಕ್ಯ ಅನುವಾದ ಬೇಕಿಲ್ಲ. ರಾಜ್ಯಭಾಷೆಯ ಶಿಕ್ಷಕರ ನೆರವನ್ನು ಸಂಕೋಚವಿಲ್ಲದೆ ಪಡೆಯಿರಿ.

ಮಾತು ಸ್ಪಷ್ಟವಾಗಿದ್ದರೆ ಸಾಕೇ ಎಂಬ ಪ್ರಶ್ನೆ ತರಬೇತಿ ಶಿಬಿರಗಳಲ್ಲಿ ಏಳುತ್ತದೆ. ಸಾಲದು. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಮಡಿದರು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಸಹಪೈಲಟರು ಒಂದಕ್ಕಿಂತ ಹೆಚ್ಚು ಬಾರಿ ಹೇಳಿದ್ದು ಚಾಲಕರ ಕೋಣೆಯ ಧ್ವನಿಮುದ್ರಣದಲ್ಲಿ ಉಳಿದಿದೆ. ಅಲ್ಲಿ ಮಾತು ಗಂಟಲಿನಲ್ಲಿ ಸಿಕ್ಕಿಕೊಂಡಿರಲಿಲ್ಲ. ಕಾಸರಗೋಡಿನ ಶಿಕ್ಷಕರಿಗೆ ಒಂದು ಸೂಚನೆ: ಮಡಿದವರಲ್ಲಿ ನಿಮ್ಮ ಜಿಲ್ಲೆಯ ಅನೇಕರಿದ್ದರು. ತರಗತಿಯಲ್ಲಿ ಯಾರ ಮನೆಯ ಮಕ್ಕಳು ಕುಳಿತಿದ್ದಾರೆಂದು ತಿಳಿಯದೆ ಈ ಉದಾಹರಣೆಯನ್ನು ಎತ್ತಬೇಡಿ. ಡ್ರೈಡನ್ನಿನ ಪ್ರಸಂಗವೇ ಸಾಕಾಗುತ್ತದೆ.

ಆದುದರಿಂದ ಈ ಪಾಠದ ಅರ್ಧ ಭಾಗ ಕೇಳುವವರಿಗೆ ಸೇರಿದ್ದು. ತರಗತಿಯಲ್ಲಿ ಕೇಳುವವರು ಎಂದರೆ ನಾವು. ಎಚ್ಚರಿಕೆ ಹೇಳಿದವರಿಗೆ ಕ್ಯಾಪ್ಟನ್ನರು ಕೊಡಬೇಕಾದ ಉತ್ತರವೂ ಒಂದು ಭಾಷಾರೂಪವೇ. ಕೇಳಿದ್ದನ್ನು ಮರಳಿ ನುಡಿಯುವುದು, ಏನು ಮಾಡುವೆನೆಂದು ತಿಳಿಸುವುದು, ಮಾಡಿದ ಮೇಲೆ ತಿಳಿಸುವುದು. ಹೇಳಿದ್ದು ತಪ್ಪಾಗಿದ್ದರೂ, ಮಾಪಕ ಸರಿಯೇ ಇದ್ದರೂ, 'ಇದಕ್ಕಾಗಿ ಕರೆದೆಯಾ' ಎಂಬ ಒಂದು ಮಾತು ಬಂದರೆ ಮುಂದಿನ ಹತ್ತು ಎಚ್ಚರಿಕೆಗಳು ನಿಂತುಹೋಗುತ್ತವೆ.

ಅಭ್ಯಾಸಕ್ಕೆ ಶಾಲೆಯ ಅಗ್ನಿಶಾಮಕವನ್ನೇ ತೆಗೆದುಕೊಳ್ಳಬಹುದು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸುಟ್ಟುಹೋದರು; 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೆಂಕಿ ಆರಿಸುವ ಸಲಕರಣೆ ಇರಬೇಕೆಂದು ಆದೇಶಿಸಿತು. ಗೋಡೆಗೆ ತೂಗಿರುವ ಕೆಂಪು ಸಿಲಿಂಡರಿನ ಹಿಂದೆ ಆ ಕಥೆಯಿದೆ. ಮಕ್ಕಳನ್ನು ಎರಡೆರಡಾಗಿ ಕಳುಹಿಸಿ: ಒಬ್ಬರು ನೋಡಲಿ, ಒಬ್ಬರು ಬರೆದುಕೊಳ್ಳಲಿ. ಮಾಪಕದ ಮುಳ್ಳು ಎಲ್ಲಿದೆ, ಪಿನ್ನು ಇದೆಯೇ, ಕೊಳವೆ ಬಿರಿದಿದೆಯೇ, ಮರುಭರ್ತಿಯ ದಿನಾಂಕ ಯಾವುದು, ಮುಂದೆ ಬೆಂಚು ಅಡ್ಡವಿದೆಯೇ. ಕಾರ್ಬನ್ ಡೈಆಕ್ಸೈಡ್ ತುಂಬಿದ ಸಿಲಿಂಡರಿಗೆ ಮಾಪಕವಿರುವುದಿಲ್ಲ, ಅದನ್ನು ತೂಕದಿಂದ ತಿಳಿಯಬೇಕು. ಮಾಪಕ ಕಾಣದಿದ್ದರೆ ದೋಷವೆಂದು ಬರೆಯುವ ಮುನ್ನ ಮೇಲಿನ ಚೀಟಿ ಓದಲಿ. ಯಾರೂ ಪಿನ್ನು ಎಳೆಯದಂತೆ ಮೊದಲೇ ಎಚ್ಚರಿಸಿ.

ಬಂದ ಟಿಪ್ಪಣಿಗಳಲ್ಲಿ ನೀರು ಬೆರೆತ ವಾಕ್ಯಗಳನ್ನು ಮಕ್ಕಳೇ ಗುರುತಿಸಿ ತಿದ್ದಲಿ. ಅನಂತರ ಒಂದು ಜೋಡಿ ಮುಖ್ಯೋಪಾಧ್ಯಾಯರ ಬಳಿ ಹೋಗಿ ಬಾಯಿಮಾತಿನಲ್ಲಿ ಹೇಳಿ, ಬರಹವನ್ನೂ ಕೊಡಲಿ. ಮುಖ್ಯೋಪಾಧ್ಯಾಯರಿಗೆ ಮುಂಚಿತವಾಗಿ ತಿಳಿಸಿ ಉತ್ತರವನ್ನು ಸಿದ್ಧಪಡಿಸಿಡುವ ಅಭ್ಯಾಸ ಕೆಲವರಲ್ಲಿದೆ, ಅದು ಬೇಡ. ತರಗತಿಯ ಪುಸ್ತಕದಲ್ಲಿ ಮೂರು ಅಂಕಣ ಹಾಕಿಸಿ: ಕಂಡದ್ದು, ತಿಳಿಸಿದ ದಿನ, ಉತ್ತರ ಬಂದ ದಿನ. ಉತ್ತರ ಬಾರದಿದ್ದರೆ ಒಂದು ವಾರದ ಬಳಿಕ ಅದೇ ಜೋಡಿ ಎರಡನೆಯ ಪತ್ರ ಬರೆಯಲಿ, ಮೊದಲನೆಯದರ ದಿನಾಂಕವನ್ನು ಉಲ್ಲೇಖಿಸಿ, ಇನ್ನೂ ಸ್ಪಷ್ಟವಾಗಿ, ಗೌರವ ಕಡಿಮೆಯಾಗದಂತೆ. ಅಲ್ಲಿಯವರೆಗೆ ಮೂರನೆಯ ಅಂಕಣ ಖಾಲಿಯೇ ಇರಲಿ. ಶಿಕ್ಷಕರು ಅದನ್ನು ತಾವಾಗಿ ತುಂಬಿಕೊಡಬಾರದು.